ಎರಡಿಂಚಿನ ಕಪ್ಪು ಪಟ್ಟಿ

ಹದಿಮೂರು ವರ್ಷದ ಹುಡುಗಿಗೆ ತನ್ನ ದೇಶ ಮಾಡುತ್ತಿರುವ ಯುದ್ಧದ ಬಗ್ಗೆ ಅಭಿಪ್ರಾಯ ಇರಬಹುದಾ? ಇದ್ದರೆ ಮನೆಯಲ್ಲಿ ಇಟ್ಟುಕೊಳ್ಳಲಿ, ಸ್ಕೂಲಿಗೆ ಯಾಕೆ ತರಬೇಕು? ಗಣಿತದ ಪಿರಿಯಡ್ಡಿನಲ್ಲಿ ವಿಯೆಟ್ನಾಂಗೆ ಏನು ಕೆಲಸ? ಅಷ್ಟಕ್ಕೂ ಅದು ಅವಳ ಸ್ವಂತ ಅಭಿಪ್ರಾಯವೋ, ಅಪ್ಪ ಅಮ್ಮ ಹೇಳಿಕೊಟ್ಟಿದ್ದೋ?

ಈ ನಾಲ್ಕೂ ಪ್ರಶ್ನೆಗಳನ್ನು ಅಮೆರಿಕದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕೇಳಿದರು. ಸ್ಕೂಲಿನಲ್ಲಿ, ಸ್ಕೂಲ್ ಬೋರ್ಡಿನಲ್ಲಿ, ಕೆಳಗಿನ ಕೋರ್ಟಿನಲ್ಲಿ, ಮೇಲಿನ ಕೋರ್ಟಿನಲ್ಲಿ, ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ. 1969ರ ಫೆಬ್ರವರಿ 24ರಂದು ಬಂದ ತೀರ್ಪಿಗೆ 'ಟಿಂಕರ್ ವರ್ಸಸ್ ಡಿ ಮೊಯ್ನ್' ಅಂತ ಹೆಸರು. ವಿದ್ಯಾರ್ಥಿಗಳಾಗಲಿ ಶಿಕ್ಷಕರಾಗಲಿ ತಮ್ಮ ವಾಕ್ ಸ್ವಾತಂತ್ರ್ಯವನ್ನು ಶಾಲೆಯ ಗೇಟಿನ ಹೊರಗೆ ಬಿಟ್ಟು ಬರುವುದಿಲ್ಲ ಎಂಬರ್ಥದ ಅದರ ಒಂದು ಸಾಲನ್ನು ಅಮೆರಿಕದಲ್ಲಿ ಎಲ್ಲರೂ ಉದ್ಧರಿಸುತ್ತಾರೆ. ಆ ಸಾಲಿನ ಸುತ್ತ ನಡೆದದ್ದು ಸಾಲಿಗಿಂತ ಸ್ವಾರಸ್ಯವಾಗಿದೆ ಅಂತ ನನಗನ್ನಿಸುತ್ತೆ. ಅದನ್ನೇ ಇಲ್ಲಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು 1965ನ್ನು ನೆನಪಿಸಿಕೊಳ್ಳೋಣ. ಲಿಂಡನ್ ಜಾನ್ಸನ್ ಅಧ್ಯಕ್ಷ. ಆ ವರ್ಷ ಮಾರ್ಚಿನಲ್ಲಿ ಅಮೆರಿಕದ ಮರೀನ್ ಪಡೆ ದಾ ನಾಂಗ್‌ನಲ್ಲಿ ಇಳಿಯಿತು. ವರ್ಷ ಮುಗಿಯುವ ಹೊತ್ತಿಗೆ ವಿಯೆಟ್ನಾಂನಲ್ಲಿ ಸುಮಾರು 1,84,000 ಅಮೆರಿಕನ್ ಸೈನಿಕರಿದ್ದರು. ಆ ಒಂದೇ ವರ್ಷ ಸತ್ತವರು 1,900ಕ್ಕೂ ಹೆಚ್ಚು. ಆದರೂ ಜನ ಆಗಿನ್ನೂ ಯುದ್ಧದ ಪರವಾಗಿಯೇ ಇದ್ದರು. ವಿಯೆಟ್ನಾಂ ವಿರೋಧ ಅಂದರೆ ನಮ್ಮ ಕಣ್ಣಿಗೆ ಬರುವ ಉದ್ದ ಕೂದಲು, ಗಿಟಾರು, ಲಕ್ಷಾಂತರ ಜನರ ಮೆರವಣಿಗೆ, ಇದೆಲ್ಲ ಆಮೇಲಿನದು. 1965ರಲ್ಲಿ ಯುದ್ಧ ಬೇಡ ಅಂದವರನ್ನು ನೆರೆಹೊರೆಯವರು ಕಮ್ಯುನಿಸ್ಟ್ ಅಂತಲೇ ತಿಳಿಯುತ್ತಿದ್ದರು. ಇನ್ನೊಂದು ವಿಷಯ, ಇದು ಮುಂದೆ ಬೇಕಾಗುತ್ತೆ: ಹುಡುಗರನ್ನು ಸೈನ್ಯಕ್ಕೆ ಕಡ್ಡಾಯವಾಗಿ ಎಳೆದುಕೊಳ್ಳುವ ವಯಸ್ಸು ಹದಿನೆಂಟು, ಆದರೆ ಹೆಚ್ಚು ಕಡಿಮೆ ಎಲ್ಲ ರಾಜ್ಯಗಳಲ್ಲೂ ಓಟಿನ ವಯಸ್ಸು ಇಪ್ಪತ್ತೊಂದು.

ಡಿ ಮೊಯ್ನ್ ಅನ್ನುವುದು ಅಯೋವಾ ರಾಜ್ಯದ ರಾಜಧಾನಿ. ಮೆಕ್ಕೆಜೋಳ, ಹಂದಿ ಸಾಕಣೆಯ ರಾಜ್ಯ ಅದು. ನ್ಯೂಯಾರ್ಕೂ ಅಲ್ಲ, ಬರ್ಕ್ಲಿಯೂ ಅಲ್ಲ. ಅಲ್ಲಿನ ಲೆನಾರ್ಡ್ ಟಿಂಕರ್ ಮೆಥಾಡಿಸ್ಟ್ ಪಾದ್ರಿ, ಕ್ವೇಕರ್‌ಗಳ ಶಾಂತಿ ಸಂಸ್ಥೆಯೊಂದರಲ್ಲಿ ಸಂಬಳದ ಕೆಲಸ. ಇನ್ನೊಂದು ಮನೆ ಎಕಾರ್ಟ್ ಅವರದು. ಆ ಮನೆಯ ತಾಯಿ ಮಾರ್ಗರೆಟ್ ಮಹಿಳೆಯರ ಅಂತರರಾಷ್ಟ್ರೀಯ ಶಾಂತಿ ಸಂಘಟನೆಯಲ್ಲಿ ಇದ್ದವರು. ಅಂದರೆ ಈ ಮಕ್ಕಳಿಗೆ ಮನೆಯಲ್ಲೇ ರಾಜಕೀಯದ ಪಾಠ ಆಗುತ್ತಿತ್ತು, ಅದನ್ನು ಮುಚ್ಚಿಡುವ ಅಗತ್ಯ ಏನೂ ಇಲ್ಲ. ನವೆಂಬರ್ 27ರಂದು ವಾಷಿಂಗ್ಟನ್‌ನಲ್ಲಿ ದೊಡ್ಡ ಯುದ್ಧವಿರೋಧಿ ಮೆರವಣಿಗೆ ನಡೆಯಿತು, ಅಯೋವಾದಿಂದಲೂ ಜನ ಹೋಗಿದ್ದರು. ವಾಪಸ್ ಬಂದ ಮೇಲೆ ಡಿಸೆಂಬರಿನಲ್ಲಿ ಎಕಾರ್ಟ್ ಅವರ ಮನೆಯಲ್ಲಿ ಒಂದು ಮೀಟಿಂಗು. ಡಿಸೆಂಬರ್ 16ರಿಂದ ಹೊಸ ವರ್ಷದವರೆಗೆ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳುವುದು, ಎರಡು ದಿನ ಉಪವಾಸ ಇರುವುದು ಅಂತ ತೀರ್ಮಾನ ಆಯಿತು. ಸತ್ತವರಿಗೆ ಶೋಕ, ಎರಡೂ ಕಡೆ ಸತ್ತವರಿಗೆ. ಜೊತೆಗೆ ಕ್ರಿಸ್‌ಮಸ್‌ನ ಕದನವಿರಾಮವನ್ನು ಮುಂದುವರಿಸಿ ಅನ್ನುವ ಬೇಡಿಕೆ, ಅದನ್ನು ರಾಬರ್ಟ್ ಕೆನಡಿ ಆಗಲೇ ಹೇಳಿದ್ದರು.

ನಮ್ಮಲ್ಲಿ ಕಪ್ಪು ಪಟ್ಟಿ ಅಂದರೆ ಮುಷ್ಕರದ ಮೊದಲ ಮೆಟ್ಟಿಲು. ಕೆಲಸಕ್ಕೆ ಹಾಜರಾಗುತ್ತೇವೆ, ಆದರೆ ಸಿಟ್ಟಿದೆ ಅಂತ ಸರ್ಕಾರಿ ನೌಕರರು, ಮೇಷ್ಟ್ರುಗಳು ಕಟ್ಟಿಕೊಳ್ಳುವುದನ್ನು ನೋಡಿದ್ದೀರಿ. ಇವರದು ಸೂತಕದ ಪಟ್ಟಿ. ಆ ವ್ಯತ್ಯಾಸ ಮುಖ್ಯ. 'ಎರಡೂ ಕಡೆ' ಅನ್ನುವ ಮಾತೇ ಊರಿನವರನ್ನು ಜಾಸ್ತಿ ಕೆರಳಿಸಿರಬೇಕು. ಯುದ್ಧ ನಡೀತಿರುವಾಗ ಶತ್ರುವಿಗೂ ಸೂತಕ ಹಿಡಿಯುವವರನ್ನು ಯಾವ ಊರು ಸಹಿಸುತ್ತೆ ಹೇಳಿ?

ಇಲ್ಲಿ ಒಂದು ಸಣ್ಣ ಸಂಗತಿ ಇದೆ, ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಅಲ್ಲಿನ ಹೈಸ್ಕೂಲೊಂದರ ವಿದ್ಯಾರ್ಥಿಯೊಬ್ಬ ಶಾಲೆಯ ಪತ್ರಿಕೆಗೆ ವಿಯೆಟ್ನಾಂ ಬಗ್ಗೆ ಲೇಖನ ಬರೆಯುತ್ತೇನೆ ಅಂತ ಪತ್ರಿಕೋದ್ಯಮದ ಮೇಷ್ಟ್ರಿಗೆ ಹೇಳಿದ. ಬೇಡ ಅಂತ ಅವನ ಮನವೊಲಿಸಿದರು. ಅದಾದ ಮೇಲೆ ಪ್ರಿನ್ಸಿಪಾಲರೆಲ್ಲ ಡಿಸೆಂಬರ್ 14ರಂದು ಸಭೆ ಸೇರಿದರು. ಪಟ್ಟಿ ಕಟ್ಟಿಕೊಂಡು ಬಂದವರಿಗೆ ತೆಗೆಯಲು ಹೇಳುವುದು, ತೆಗೆಯದಿದ್ದರೆ ತೆಗೆದು ಬರುವವರೆಗೆ ಸಸ್ಪೆಂಡು ಅಂತ ನಿಯಮ ಮಾಡಿದರು. ಅಂದರೆ ಮೊದಲು ಲೇಖನ ಹೋಯಿತು, ಆಮೇಲೆ ಪಟ್ಟಿ. ಲೇಖನ ಬರೆಯಬೇಕೆಂದಿದ್ದ ಹುಡುಗನ ಮನವೊಲಿಸಿದ್ದು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಆವರಣದೊಳಗೆ ಬರುವ ಪುಟ್ಟ ಟಿಪ್ಪಣಿ ಅಷ್ಟೇ.

ಡಿಸೆಂಬರ್ 16, ಗುರುವಾರ. ಎಂಟನೇ ಕ್ಲಾಸಿನ ಮೇರಿ ಬೆತ್ ಟಿಂಕರ್ (13) ತನ್ನ ಜೂನಿಯರ್ ಹೈಸ್ಕೂಲಿಗೆ, ಕ್ರಿಸ್ಟೋಫರ್ ಎಕಾರ್ಟ್ (16) ರೂಸ್ವೆಲ್ಟ್ ಹೈಸ್ಕೂಲಿಗೆ ಪಟ್ಟಿ ಕಟ್ಟಿಕೊಂಡು ಹೋದರು. ಎರಡಿಂಚಿಗಿಂತ ಅಗಲ ಇಲ್ಲದ ಬಟ್ಟೆ. ಕ್ರಿಸ್ಟೋಫರ್ ನೇರವಾಗಿ ಆಫೀಸಿಗೇ ಹೋದ, ಹೇಗಿದ್ದರೂ ಅಲ್ಲಿಗೆ ಕರೆಸುತ್ತಾರೆ ಅಂತ. ಮೇರಿ ಬೆತ್‌ಳನ್ನು ಆಫೀಸಿಗೆ ಕರೆದರು, ತೆಗಿ ಅಂದರು, ಅವಳು ತೆಗೆದು ಕೊಟ್ಟಳು! ಆದರೂ ಸಸ್ಪೆಂಡ್ ಮಾಡಿದರು. ವೀರವನಿತೆಯ ಕಥೆ ನಿರೀಕ್ಷಿಸಿದವರಿಗೆ ನಿರಾಸೆ ಆಗಬಹುದು. ನನಗೇನೋ ಈ ಭಾಗವೇ ಇಷ್ಟ. ಆಫೀಸಿನಲ್ಲಿ ದೊಡ್ಡವರೆದುರು ನಿಂತ ಹದಿಮೂರರ ಮಗು ಮಾಡುವುದೇ ಅದನ್ನು. ಹಕ್ಕು ಅನ್ನುವುದು ಬರೀ ಧೈರ್ಯಸ್ಥರಿಗೆ ಇರುವುದಾದರೆ ಅದು ಹಕ್ಕು ಹೇಗಾಗುತ್ತೆ?

ಅಣ್ಣ ಜಾನ್ (15) ಮಾತ್ರ ಮೊದಲ ದಿನ ಕಟ್ಟಲಿಲ್ಲ. ಮೊದಲು ಸ್ಕೂಲ್ ಬೋರ್ಡಿನವರ ಹತ್ತಿರ ಮಾತಾಡಿ ನೋಡೋಣ ಅನ್ನುವುದು ಅವನ ಲೆಕ್ಕ. ಅದು ಆಗದಾಗ ಮರುದಿನ ಕಟ್ಟಿಕೊಂಡು ಹೋದ, ಅವನೂ ಹೊರಗೆ. ಮನೆಯ ಚಿಕ್ಕವರಾದ ಹೋಪ್ (11) ಮತ್ತು ಪಾಲ್ (8) ಕೂಡ ತಮ್ಮ ಪ್ರಾಥಮಿಕ ಶಾಲೆಗೆ ಪಟ್ಟಿ ಕಟ್ಟಿಕೊಂಡು ಹೋಗಿದ್ದರು, ಅವರಿಗೆ ಯಾರೂ ಏನೂ ಅನ್ನಲಿಲ್ಲ. ಎಂಟು ವರ್ಷದವನ ಪಟ್ಟಿಯಿಂದ ಶಿಸ್ತು ಕೆಡಲಿಲ್ಲ, ಹದಿಮೂರರವಳ ಪಟ್ಟಿಯಿಂದ ಕೆಡುತ್ತಂತೆ! ಜಿಲ್ಲೆಯ 18,000 ವಿದ್ಯಾರ್ಥಿಗಳಲ್ಲಿ ಪಟ್ಟಿ ಕಟ್ಟಿದವರು ಕೆಲವೇ ಕೆಲವರು, ಸಸ್ಪೆಂಡ್ ಆದವರು ಐದು ಜನ.

ಊರು ಏನು ಮಾಡಿತು ಅಂತ ಕೇಳಿದರೆ ಕ್ರಿಸ್‌ಮಸ್ ರಜೆಗೆ ಸಂತೋಷ ಕೊಡುವಂಥದ್ದೇನಲ್ಲ. ಟಿಂಕರ್ ಮನೆಗೆ ಕೆಂಪು ಬಣ್ಣ ಎರಚಿದರು. ಬಾಂಬ್ ಇಡುತ್ತೇವೆ ಅಂತ ಫೋನು. ಮೇರಿ ಬೆತ್‌ಳನ್ನೇ ಫೋನಿಗೆ ಕರೆದು ಕೊಲ್ಲುತ್ತೇನೆ ಅಂದವರೂ ಇದ್ದರು. ಜನವರಿ ಮೊದಲ ವಾರ ಸ್ಕೂಲ್ ಬೋರ್ಡು ಮತ ಹಾಕಿ ನಿಷೇಧವನ್ನು ಎತ್ತಿ ಹಿಡಿಯಿತು. ಹೊಸ ವರ್ಷ ಕಳೆದಿತ್ತು, ಪಟ್ಟಿ ಕಟ್ಟುವ ಅವಧಿಯೂ ಮುಗಿದಿತ್ತು, ಮಕ್ಕಳು ಪಟ್ಟಿ ಇಲ್ಲದೆ ಶಾಲೆಗೆ ವಾಪಸ್ ಹೋದರು. ಆದರೆ ಆ ವರ್ಷ ಪೂರ್ತಿ ಕಪ್ಪು ಬಟ್ಟೆ ಹಾಕಿಕೊಂಡು ಹೋದರು. ಕಪ್ಪು ಪಟ್ಟಿ ಬೇಡ ಅಂದಿದ್ದಿರಲ್ಲ, ಕಪ್ಪು ಅಂಗಿ ಬೇಡ ಅಂದಿರಲಿಲ್ಲವಲ್ಲ! :-)

ಶಾಲೆಯವರ ಪರವಾಗಿಯೂ ಒಂದು ಮಾತಿದೆ, ಅದನ್ನು ತೇಲಿಸಿ ಬಿಡುವುದು ಸರಿಯಲ್ಲ. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಓದಿದ್ದ ಹುಡುಗನೊಬ್ಬ ವಿಯೆಟ್ನಾಂನಲ್ಲಿ ಸತ್ತಿದ್ದ. ಅವನ ಗೆಳೆಯರು ಇನ್ನೂ ಅದೇ ಶಾಲೆಯಲ್ಲಿದ್ದರು. ಪ್ರತಿಭಟನೆ ಅಂತ ಏನಾದರೂ ಶುರುವಾದರೆ ಹಿಡಿತ ತಪ್ಪೀತು ಅಂತ ಶಾಲೆಯವರು ಹೆದರಿದರು. ಇದು ಸುಳ್ಳು ನೆಪ ಅಲ್ಲ. ಗೆಳೆಯ ಶವಪೆಟ್ಟಿಗೆಯಲ್ಲಿ ಬಂದಿರುವಾಗ ಪಕ್ಕದ ಬೆಂಚಿನವಳು ಆ ಯುದ್ಧವೇ ತಪ್ಪು ಅನ್ನುವ ಪಟ್ಟಿ ಕಟ್ಟಿಕೊಂಡು ಕೂತರೆ ಹೇಗಿರುತ್ತೆ ಯೋಚಿಸಿ. ಅದೇ ಸಮಯಕ್ಕೆ, ಸತ್ತ ಆ ಹುಡುಗನಿಗೂ ಸೇರಿಸಿಯೇ ಅವಳು ಸೂತಕ ಹಿಡಿದದ್ದು. ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ನನಗೂ ಸುಲಭ ಅನ್ನಿಸಲ್ಲ.

ಆದರೆ ಶಾಲೆಯವರ ವಾದವನ್ನು ಕೆಡಿಸಿದ್ದು ಅವರದೇ ಇನ್ನೊಂದು ನಡೆ. ಅದೇ ಶಾಲೆಗಳಲ್ಲಿ ಮಕ್ಕಳು ಚುನಾವಣೆಯ ಬ್ಯಾಡ್ಜು ಹಾಕಿಕೊಂಡು ಬರುತ್ತಿದ್ದರು, ಯಾರೂ ತಡೆಯಲಿಲ್ಲ. ಕೆಲವರು ನಾಜಿಗಳ ಗುರುತು ಅಂತ ಹೆಸರಾಗಿದ್ದ ಐರನ್ ಕ್ರಾಸ್ ಕೂಡ ಹಾಕಿಕೊಳ್ಳುತ್ತಿದ್ದರು, ಅದನ್ನೂ ತಡೆಯಲಿಲ್ಲ. ಎರಡನೇ ಮಹಾಯುದ್ಧ ಮುಗಿದು ಬರೀ ಇಪ್ಪತ್ತು ವರ್ಷ ಆಗಿತ್ತು, ಆ ಗುರುತನ್ನು ನೋಡಿ ಹೊಟ್ಟೆ ಉರಿಯುವ ಅಪ್ಪಂದಿರು ಊರಲ್ಲಿ ಎಷ್ಟೋ ಜನ ಇದ್ದಿರಲೇಬೇಕು. ಅಂದಮೇಲೆ ನಿಯಮ ಇದ್ದದ್ದು ಗದ್ದಲದ ವಿರುದ್ಧ ಅಲ್ಲ, ಒಂದು ಅಭಿಪ್ರಾಯದ ವಿರುದ್ಧ. ಕೋರ್ಟು ಕೊನೆಗೆ ಹಿಡಿದದ್ದೂ ಇದನ್ನೇ.

ಈಗ ಅಯೋವಾ ಬಿಟ್ಟು ದಕ್ಷಿಣಕ್ಕೆ, ಮಿಸಿಸಿಪ್ಪಿಗೆ ಹೋಗಬೇಕು. ಯಾಕೆಂದರೆ ಟಿಂಕರ್ ಮಕ್ಕಳನ್ನು ಗೆಲ್ಲಿಸಿದ ಸೂತ್ರ ಹುಟ್ಟಿದ್ದು ಅಲ್ಲಿ.

ಮಿಸಿಸಿಪ್ಪಿಯಲ್ಲೂ ಫಿಲಡೆಲ್ಫಿಯಾ ಅಂತ ಒಂದು ಸಣ್ಣ ಊರಿದೆ (ಪೆನ್ಸಿಲ್ವೇನಿಯಾದ ದೊಡ್ಡ ನಗರ ಅಲ್ಲ). ನೆಶೋಬಾ ಕೌಂಟಿ. 1964ರ ಜೂನಿನಲ್ಲಿ ಜೇಮ್ಸ್ ಚೇನಿ, ಆಂಡ್ರೂ ಗುಡ್‌ಮನ್, ಮೈಕೆಲ್ ಶ್ವೆರ್ನರ್ ಎಂಬ ಮೂವರು ನಾಗರಿಕ ಹಕ್ಕುಗಳ ಕಾರ್ಯಕರ್ತರನ್ನು ಕೊಂದದ್ದು ಇದೇ ಊರಿನ ಹತ್ತಿರ. ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸದಲ್ಲಿದ್ದವರು ಅವರು. ಆಗ ಮಿಸಿಸಿಪ್ಪಿಯಲ್ಲಿ ವಯಸ್ಕ ಕಪ್ಪು ಜನರಲ್ಲಿ ಮತದಾರರಾಗಿ ನೋಂದಣಿಯಾಗಿದ್ದವರು ನೂರಕ್ಕೆ ಏಳು ಜನವೂ ಇಲ್ಲ.

ಕೊಲೆಯಾಗಿ ಮೂರು ತಿಂಗಳು. ಸೆಪ್ಟೆಂಬರಿನಲ್ಲಿ ಆ ಊರಿನ ಕಪ್ಪು ಮಕ್ಕಳ ಶಾಲೆಗೆ, ಬುಕರ್ ಟಿ. ವಾಷಿಂಗ್ಟನ್ ಹೈಸ್ಕೂಲಿಗೆ, ಕೆಲವು ವಿದ್ಯಾರ್ಥಿಗಳು ಎದೆಗೆ ಗುಂಡನೆಯ ಬ್ಯಾಡ್ಜು ಚುಚ್ಚಿಕೊಂಡು ಬಂದರು. 'ಒಬ್ಬ ಮನುಷ್ಯ, ಒಂದು ಓಟು' ಅಂತ ಅದರ ಮೇಲೆ. ಓಟಿನ ವಯಸ್ಸಾಗದ ಮಕ್ಕಳು, ಓಟೇ ಇಲ್ಲದ ಅಪ್ಪ ಅಮ್ಮಂದಿರ ಪರವಾಗಿ. ಪ್ರಿನ್ಸಿಪಾಲರು ತೆಗೆಯಿರಿ ಅಂದರು. ಬ್ಯಾಡ್ಜಿಗೂ ವಿದ್ಯಾಭ್ಯಾಸಕ್ಕೂ ಸಂಬಂಧವಿಲ್ಲ, ಗದ್ದಲ ಆಗುತ್ತೆ ಅಂದರು. ಮಾರನೆಯ ಸಲ ಮೂವತ್ತು ನಲವತ್ತು ಮಕ್ಕಳು ಹಾಕಿಕೊಂಡು ಬಂದರು. ತೆಗೆಯಿರಿ ಇಲ್ಲವೇ ಮನೆಗೆ ಹೋಗಿ ಅಂದಾಗ ಹೆಚ್ಚಿನವರು ಮನೆಗೇ ಹೋದರು. ಡಿ ಮೊಯ್ನ್‌ನಲ್ಲಿ ಬೆದರಿಕೆಯ ಫೋನು ಬಂತು ಅಂದೆನಲ್ಲ. ಇಲ್ಲಿ ಬೆದರಿಕೆ ಬೇಕಾಗಿರಲಿಲ್ಲ, ಮೂರು ಹೆಣ ಆಗಲೇ ಮಣ್ಣಿನಡಿ ಸಿಕ್ಕಿದ್ದವು. ಇದೆಲ್ಲ ಗೊತ್ತಿದ್ದೂ ಆ ಮಕ್ಕಳು ಬ್ಯಾಡ್ಜು ಚುಚ್ಚಿಕೊಂಡರು.

ಪೋಷಕರು ಕೇಸು ಹಾಕಿದರು. 1966ರ ಜುಲೈನಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಮಕ್ಕಳ ಪರ ತೀರ್ಪು ಕೊಟ್ಟಿತು ('ಬರ್ನ್‌ಸೈಡ್ ವರ್ಸಸ್ ಬೈಯರ್ಸ್'). ಬ್ಯಾಡ್ಜು ನೋಡಿ ಉಳಿದ ಮಕ್ಕಳಿಗೆ ಒಂಚೂರು ಕುತೂಹಲ ಆಯಿತು, ಅಷ್ಟೇ. ಪಾಠ ನಿಂತಿಲ್ಲ, ಗಲಾಟೆ ಆಗಿಲ್ಲ. ಶಾಲೆಯ ಶಿಸ್ತಿಗೆ ನಿಜವಾಗಿ, ಗಣನೀಯವಾಗಿ ಅಡ್ಡಿ ಮಾಡದ ಅಭಿವ್ಯಕ್ತಿಯನ್ನು ತಡೆಯುವಂತಿಲ್ಲ ಅಂದಿತು ಕೋರ್ಟು. ಅದೇ ದಿನ, ಅದೇ ಕೋರ್ಟು, ಅದೇ ರಾಜ್ಯದ ಇಸಕ್ವೀನಾ ಕೌಂಟಿಯ ಮಕ್ಕಳ ವಿರುದ್ಧ ತೀರ್ಪು ಕೊಟ್ಟಿತು! ಅಲ್ಲೂ ಅಂಥದ್ದೇ ಬ್ಯಾಡ್ಜು, ಆದರೆ ಬೇಡ ಅಂದವರಿಗೂ ಚುಚ್ಚಲು ಹೋಗಿ ರಂಪವಾಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಗೆರೆ ಎಲ್ಲಿದೆ ಅಂತ ಕಾಣುತ್ತೆ. ಬ್ಯಾಡ್ಜಿನ ಮೇಲೆ ಏನು ಬರೆದಿದೆ ಅನ್ನುವುದರಲ್ಲಿ ಅಲ್ಲ, ಅದನ್ನಿಟ್ಟುಕೊಂಡು ಏನು ಮಾಡಿದಿರಿ ಅನ್ನುವುದರಲ್ಲಿ.

ಇನ್ನೂ ಹಿಂದಕ್ಕೆ ಹೋದರೆ ಈ ಎಲ್ಲದರ ತಳದಲ್ಲಿ ಧ್ವಜವಂದನೆಯ ಕೇಸುಗಳಿವೆ. ಯೆಹೋವನ ಸಾಕ್ಷಿಗಳು ಅನ್ನುವ ಪಂಥದ ಮಕ್ಕಳು ಧ್ವಜಕ್ಕೆ ಸಲ್ಯೂಟ್ ಮಾಡುವುದಿಲ್ಲ. 1940ರಲ್ಲಿ ಸುಪ್ರೀಂ ಕೋರ್ಟು 8-1ರಲ್ಲಿ ಮಾಡಲೇಬೇಕು ಅಂದಿತು. ಅದಾದ ಮೇಲೆ ದೇಶದ ಹಲವೆಡೆ ಆ ಪಂಥದವರ ಮೇಲೆ ಹಲ್ಲೆಗಳಾದವು. ಮೂರೇ ವರ್ಷದಲ್ಲಿ, 1943ರ ಜೂನ್ 14ರಂದು, ಅದೇ ಕೋರ್ಟು ಉಲ್ಟಾ ಹೊಡೆಯಿತು. ವೆಸ್ಟ್ ವರ್ಜೀನಿಯಾದ ಇಬ್ಬರು ಅಕ್ಕತಂಗಿಯರ ಆ ಕೇಸಿಗೆ 'ಬಾರ್ನೆಟ್' ಕೇಸು ಅಂತ ಹೆಸರು. ಹಿಟ್ಲರನ ಜೊತೆ ಯುದ್ಧ ಜೋರಾಗಿ ನಡೆಯುತ್ತಿದ್ದ ಕಾಲ ಅದು, ದೇಶಭಕ್ತಿಯ ವಿಷಯದಲ್ಲಿ ಮಕ್ಕಳಿಗೆ ರಿಯಾಯಿತಿ ಕೊಡಲು ಅತ್ಯಂತ ಕೆಟ್ಟ ಸಮಯ. ಆದರೂ ಕೊಟ್ಟರು. ಆ ತೀರ್ಪಿನ ಮಾತು ನಮ್ಮ ದೇಶಕ್ಕೂ ಬಂತು, ಅದಕ್ಕೆ ಆಮೇಲೆ ಬರ್ತೀನಿ.

ಟಿಂಕರ್ ಕೇಸನ್ನು ನಡೆಸಿದ ವಕೀಲ ಡ್ಯಾನ್ ಜಾನ್‌ಸ್ಟನ್, ಲಾ ಓದು ಮುಗಿಸಿ ಹೆಚ್ಚು ದಿನ ಆಗಿರದ ಯುವಕ. 1966ರ ಸೆಪ್ಟೆಂಬರಿನಲ್ಲಿ ಜಿಲ್ಲಾ ಕೋರ್ಟಿನಲ್ಲಿ ಸೋತರು. ಮಿಸಿಸಿಪ್ಪಿಯ ತೀರ್ಪು ಆಗಲೇ ಬಂದಿತ್ತು, ಆದರೆ ಜಿಲ್ಲಾ ನ್ಯಾಯಾಧೀಶರು ಅದನ್ನು ನೋಡಿ, ನಾನಿದನ್ನು ಅನುಸರಿಸುವುದಿಲ್ಲ ಅಂದರು. ಎಂಟನೇ ಸರ್ಕ್ಯೂಟ್ ಕೋರ್ಟಿನಲ್ಲಿ ಸಮ ಸಮ ಮತ, ಅಂದರೆ ಕೆಳಗಿನ ತೀರ್ಪೇ ಗಟ್ಟಿ. ಸುಪ್ರೀಂ ಕೋರ್ಟಿನಲ್ಲಿ 1968ರ ನವೆಂಬರ್ 12ರಂದು ವಾದ ನಡೆಯಿತು. ತೀರ್ಪು ಬರುವ ಹೊತ್ತಿಗೆ ವಿಯೆಟ್ನಾಂನಲ್ಲಿ ಸತ್ತ ಅಮೆರಿಕನ್ನರ ಸಂಖ್ಯೆ 30 ಸಾವಿರ ದಾಟಿತ್ತು. ಮೇರಿ ಬೆತ್‌ಗೆ ಹದಿನಾರು. ಜಾನ್‌ಗೆ, ಕ್ರಿಸ್ಟೋಫರ್‌ಗೆ ಸೈನ್ಯಕ್ಕೆ ಎಳೆದೊಯ್ಯುವ ವಯಸ್ಸೂ ಆಗಿತ್ತು.

7-2ರ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಏಬ್ ಫೋರ್ಟಸ್. ಇವರ ಬಗ್ಗೆ ಒಂದು ಮಾತು. ಫೋರ್ಟಸ್ ಅಧ್ಯಕ್ಷ ಜಾನ್ಸನ್ನರ ಪರಮಾಪ್ತ ಮಿತ್ರ. ನ್ಯಾಯಮೂರ್ತಿಯಾದ ಮೇಲೂ ಯುದ್ಧದ ವಿಷಯದಲ್ಲಿ ಅವರಿಗೆ ಖಾಸಗಿಯಾಗಿ ಸಲಹೆ ಕೊಡುತ್ತಿದ್ದವರು, ಯುದ್ಧದ ಪರವಾಗಿದ್ದವರು. (ನ್ಯಾಯಮೂರ್ತಿಗಳು ಹಾಗೆ ಮಾಡಬಹುದೇ ಅನ್ನುವುದು ಬೇರೆಯೇ ಚರ್ಚೆ. ಹಣದ ಇನ್ನೊಂದು ವಿವಾದದಲ್ಲಿ ಅದೇ 1969ರ ಮೇ ತಿಂಗಳಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು.) ಅಂದರೆ ಆ ಹುಡುಗಿಯ ಅಭಿಪ್ರಾಯ ತಪ್ಪು ಅಂತ ನಂಬಿದ್ದ ಮನುಷ್ಯನೇ ಅವಳಿಗೆ ಅದನ್ನು ತೋರಿಸುವ ಹಕ್ಕಿದೆ ಅಂತ ಬರೆದದ್ದು. ಅವಳು ಹೇಳಿದ್ದು ಸರಿ ಅಂತ ತೀರ್ಪಿನಲ್ಲಿ ಎಲ್ಲೂ ಇಲ್ಲ. ಅವಳಿಗೆ ವಿಯೆಟ್ನಾಂ ಬಗ್ಗೆ ಎಷ್ಟು ಗೊತ್ತು ಅಂತ ಯಾರೂ ಪರೀಕ್ಷೆ ಮಾಡಲಿಲ್ಲ. ಗದ್ದಲ ಆದೀತು ಅನ್ನುವ ಬರೀ ಭಯ ಸಾಲದು, ಗದ್ದಲ ಆಗುತ್ತೆ ಅನ್ನಲು ಆಧಾರ ಬೇಕು ಅಂದರು. ಅಳೆಯಲು ಬಳಸಿದ ಕೋಲು ಮಿಸಿಸಿಪ್ಪಿಯದು, 'ಬರ್ನ್‌ಸೈಡ್' ತೀರ್ಪಿನ ಮಾತುಗಳನ್ನೇ ಎತ್ತಿಕೊಂಡರು.

ಭಿನ್ನಮತ ಬರೆದ ಇಬ್ಬರಲ್ಲಿ ಜೋರಾಗಿ ಗುಡುಗಿದವರು ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್. ಇನ್ನು ಮೂರು ದಿನಕ್ಕೆ 83 ತುಂಬಬೇಕು. ವಾಕ್ ಸ್ವಾತಂತ್ರ್ಯದ ಕಡು ಪಕ್ಷಪಾತಿ ಅಂತ ಜೀವಮಾನವಿಡೀ ಹೆಸರು ಮಾಡಿದವರು, ಬಾರ್ನೆಟ್ ಕೇಸಿನಲ್ಲಿ ಮಕ್ಕಳ ಪರ ನಿಂತವರು. ಆದರೆ ಇಲ್ಲಿ ಅವರ ವಾದ ಬೇರೆ. ಮಕ್ಕಳು ಸ್ಕೂಲಿಗೆ ಬರುವುದು ಕಲಿಯಲಿಕ್ಕೆ, ದೊಡ್ಡವರಿಗೆ ಕಲಿಸಲಿಕ್ಕೆ ಅಲ್ಲ. ಗಣಿತದ ಮೇಷ್ಟ್ರ ಪಾಠ ಮೇರಿ ಬೆತ್ ಜೊತೆಗಿನ ವಾಗ್ವಾದದಿಂದ ಹಾಳಾಯಿತು ಅಂತ ದಾಖಲೆಯಿಂದ ಎತ್ತಿ ತೋರಿಸಿದರು. ಪಟ್ಟಿ ಕಟ್ಟಿದವರ ತಂಟೆಗೆ ಹೋಗಬೇಡಿ ಅಂತ ದೊಡ್ಡ ಕ್ಲಾಸಿನ ಫುಟ್‌ಬಾಲ್ ಆಟಗಾರನೊಬ್ಬ ಉಳಿದವರಿಗೆ ಎಚ್ಚರಿಕೆ ಕೊಟ್ಟಿದ್ದನಂತೆ, ಅದನ್ನೂ ಗದ್ದಲದ ಸಾಕ್ಷಿ ಅಂದರು. (ಆ ಆಟಗಾರನಿಗೆ ನನ್ನದೊಂದು ನಮಸ್ಕಾರ.) ಎಂಟು ವರ್ಷದ ಪಾಲ್‌ನಿಂದ ಹಿಡಿದು ಒಬ್ಬೊಬ್ಬ ಮಗುವಿನ ವಯಸ್ಸನ್ನೂ ಅವರು ಬರೆದಿಟ್ಟರು. ಇಂಥವರ ಕೈಗೆ ಶಾಲೆ ಕೊಡ್ತೀರಾ ಅನ್ನುವ ಧಾಟಿ.

ಬ್ಲ್ಯಾಕ್ ಅವರನ್ನು ಮುದುಕನ ಗೊಣಗಾಟ ಅಂತ ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ಮಾಡಲ್ಲ. ಪಾಠ ಮಾಡಲು ನಿಂತವರಿಗೆ ಮೂವತ್ತು ಮಕ್ಕಳ ಗಮನ ಹಿಡಿದಿಡುವುದು ಎಷ್ಟು ಕಷ್ಟ ಅಂತ ಗೊತ್ತಿರುತ್ತೆ. ಅವರ ಭಯಕ್ಕೆ ಕಾರಣವಿತ್ತು, 1968 ಅಷ್ಟೇ ಕಳೆದಿತ್ತು, ಕಾಲೇಜುಗಳು ಹೊತ್ತಿ ಉರಿದಿದ್ದವು. ಆದರೆ ಮಕ್ಕಳು ಮೊದಲು ಕಲಿಯಲಿ, ಆಮೇಲೆ ಮಾತಾಡಲಿ ಅನ್ನುವ ವಾದಕ್ಕೆ 1969ರ ಅಮೆರಿಕದಲ್ಲಿ ಒಂದು ದೊಡ್ಡ ತೂತಿತ್ತು. ಹದಿನೆಂಟಕ್ಕೆ ಸಾಯಲು ಕಳಿಸುತ್ತೀರಿ, ಇಪ್ಪತ್ತೊಂದಕ್ಕೆ ಓಟು ಕೊಡುತ್ತೀರಿ. 'ಆಮೇಲೆ' ಅನ್ನುವುದು ಎಷ್ಟೋ ಹುಡುಗರಿಗೆ ಬರಲೇ ಇಲ್ಲ. 1971ರ ಜುಲೈ 1ರಂದು 26ನೇ ತಿದ್ದುಪಡಿ ಅಂಗೀಕಾರವಾಗಿ ಓಟಿನ ವಯಸ್ಸು ಹದಿನೆಂಟಕ್ಕೆ ಇಳಿದಾಗ ಆ ತೂತು ಮುಚ್ಚಿತು.

ಟಿಂಕರ್ ತೀರ್ಪು ರದ್ದಾಗಿಲ್ಲ, ಆದರೆ ಅದರ ಬಟ್ಟೆಯನ್ನು ಅಂಚಿನಿಂದ ಕತ್ತರಿಸುತ್ತಾ ಬಂದಿದ್ದಾರೆ. 1986ರಲ್ಲಿ ಶಾಲೆಯ ಸಭೆಯಲ್ಲಿ ಅಸಭ್ಯ ಭಾಷಣಕ್ಕೆ ಶಿಕ್ಷೆ ಸರಿ ಅಂದರು. 1988ರ ಹೇಜಲ್‌ವುಡ್ ಕೇಸಿನಲ್ಲಿ ಶಾಲೆಯ ಪತ್ರಿಕೆಯ ಪುಟಗಳನ್ನು ಪ್ರಿನ್ಸಿಪಾಲರು ತೆಗೆಯಬಹುದು ಅಂದರು. ಡಿ ಮೊಯ್ನ್‌ನಲ್ಲಿ ವಿಯೆಟ್ನಾಂ ಲೇಖನ ಬರೆಯಬೇಕೆಂದಿದ್ದ ಹುಡುಗನ ಕಥೆಗೆ 22 ವರ್ಷದ ನಂತರ ಬಂದ ಉತ್ತರ ಇದು ಅಂದುಕೊಳ್ಳಿ. ಪಟ್ಟಿ ಕಟ್ಟಬಹುದು, ಯಾಕೆ ಕಟ್ಟಿದೆ ಅಂತ ಶಾಲೆಯ ಪತ್ರಿಕೆಯಲ್ಲಿ ಬರೆಯಲು ಮಾತ್ರ ಅಪ್ಪಣೆ ಬೇಕು! 2007ರಲ್ಲಿ ಅಲಾಸ್ಕದ ಹುಡುಗನೊಬ್ಬನ ಬ್ಯಾನರ್ ಗಾಂಜಾಕ್ಕೆ ಉತ್ತೇಜನ ಅಂತ 5-4ರಲ್ಲಿ ಸೋತಿತು. ಆಗ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಪ್ರತ್ಯೇಕವಾಗಿ ಬರೆದು, ಟಿಂಕರ್ ತೀರ್ಪಿಗೆ ಸಂವಿಧಾನದಲ್ಲಿ ಬುಡವೇ ಇಲ್ಲ ಅಂದರು. ಅವರ ಅಭಿಪ್ರಾಯದಲ್ಲಿ ಬ್ಲ್ಯಾಕ್ ಹೇಳಿದ್ದೇ ಸರಿ. 2021ರಲ್ಲಿ ಗಾಳಿ ಸ್ವಲ್ಪ ಈ ಕಡೆ ತಿರುಗಿತು. ವಾರಾಂತ್ಯದಲ್ಲಿ ಶಾಲೆಯ ಹೊರಗಿದ್ದು ಸ್ನ್ಯಾಪ್‌ಚಾಟ್‌ನಲ್ಲಿ ಶಾಲೆಯನ್ನು ಬೈದ ಪೆನ್ಸಿಲ್ವೇನಿಯಾದ ವಿದ್ಯಾರ್ಥಿನಿಯ ಪರವಾಗಿ 8-1. ಆ ಒಂದು ಮತ ಯಾರದು ಅಂತ ನೀವೇ ಊಹಿಸಿ.

ಗಮನಿಸಬೇಕಾದದ್ದು, ಈ ನಾಲ್ಕರಲ್ಲಿ ಒಂದೂ ರಾಜಕೀಯದ ಅಭಿಪ್ರಾಯ ಅಲ್ಲ. ಮೌನವಾಗಿ, ಪಾಠಕ್ಕೆ ಅಡ್ಡಿ ಮಾಡದೆ, ದೇಶದ ಒಂದು ವಿಷಯದ ಬಗ್ಗೆ ನಿಲುವು ತೋರಿಸುವುದು ಇವತ್ತಿಗೂ ಟಿಂಕರ್ ರಕ್ಷಣೆಯಲ್ಲೇ ಇದೆ. ಕ್ಲಾಸು ಬಿಟ್ಟು ಹೊರಗೆ ಹೋದರೆ ಆ ರಕ್ಷಣೆ ಇಲ್ಲ. 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನರನ್ನು ಗುಂಡಿಟ್ಟು ಕೊಂದ ಮೇಲೆ, ಮಾರ್ಚ್ 14ರಂದು ದೇಶದ ತುಂಬ ಮಕ್ಕಳು 17 ನಿಮಿಷ ಕ್ಲಾಸಿನಿಂದ ಎದ್ದು ಹೋದರು. ಕೆಲವು ಶಾಲೆಗಳು ಮಕ್ಕಳ ಜೊತೆ ನಿಂತವು, ಕೆಲವು ಶಿಕ್ಷೆ ಕೊಟ್ಟವು. ಎರಡಕ್ಕೂ ಕಾನೂನಿನಲ್ಲಿ ಜಾಗವಿತ್ತು. ಬಂದೂಕಿನ ವಿಷಯದಲ್ಲಿ ಹದಿನೈದರ ಮಕ್ಕಳಿಗೆ ಏನು ಗೊತ್ತು ಅಂತ ಆಗಲೂ ಕೇಳಿದವರಿದ್ದರು. ಗುಂಡಿನ ಸದ್ದು ಕೇಳಿ ಬಾಗಿಲು ಹಾಕಿಕೊಂಡು ಕೂತವರು ಅವರೇ ಅನ್ನುವುದು ಮರೆತುಹೋಗಿತ್ತೋ ಏನೋ.

ಬಾರ್ನೆಟ್ ಮಾತು ನಮ್ಮಲ್ಲಿಗೂ ಬಂತು ಅಂದಿದ್ದೆ. 1985ರ ಜುಲೈನಲ್ಲಿ ಕೇರಳದಲ್ಲಿ ಅದೇ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1986ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಬರೆದ 'ಬಿಜೋ ಇಮ್ಯಾನುಯೆಲ್' ತೀರ್ಪು ಅವರನ್ನು ವಾಪಸ್ ಸೇರಿಸಿಕೊಳ್ಳಲು ಹೇಳಿತು, ದಾರಿಯಲ್ಲಿ ಬಾರ್ನೆಟ್ ತೀರ್ಪನ್ನು ನೆನೆಯಿತು. ಅದೇ ಬಿಜೋ ಇಮ್ಯಾನುಯೆಲ್ ತೀರ್ಪು ಮತ್ತೆ ಎದ್ದು ಬಂದದ್ದು ನಮ್ಮ ಉಡುಪಿಯಿಂದ ಶುರುವಾದ ಹಿಜಾಬ್ ಪ್ರಕರಣದಲ್ಲಿ. ಶಾಲೆಯಂಥ ಜಾಗದಲ್ಲಿ ವೈಯಕ್ತಿಕ ಹಕ್ಕು ಶಿಸ್ತಿನ ಮುಂದೆ ಹಿಂದೆ ಸರಿಯಬೇಕು ಅಂತ 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಹೇಳಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಹೇಮಂತ್ ಗುಪ್ತ ಹೈಕೋರ್ಟು ಹೇಳಿದ್ದು ಸರಿ ಅಂದರೆ, ಸುಧಾಂಶು ಧುಲಿಯ ಬಿಜೋ ಇಮ್ಯಾನುಯೆಲ್ ತೀರ್ಪನ್ನು ಆಧಾರ ಮಾಡಿಕೊಂಡು ಹುಡುಗಿಯರ ಪರ ಬರೆದರು. ಅದು ಧರ್ಮದ ಪ್ರಶ್ನೆ, ಡಿ ಮೊಯ್ನ್‌ನದು ರಾಜಕೀಯದ್ದು, ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಬರುವುದಿಲ್ಲ. ಆದರೆ ಗೇಟು ಅದೇ ಗೇಟು.

ಆ ಮೂವರು ಮಕ್ಕಳಲ್ಲಿ ಕ್ರಿಸ್ಟೋಫರ್ ಎಕಾರ್ಟ್ 2012ರ ಡಿಸೆಂಬರಿನಲ್ಲಿ ತೀರಿಕೊಂಡರು. ಮೇರಿ ಬೆತ್ ಮಕ್ಕಳ ನರ್ಸ್ ಆಗಿ ಕೆಲಸ ಮಾಡಿದರು. 2013ರಲ್ಲಿ ಒಂದು ವಾಹನ ಹತ್ತಿ ಊರೂರಿನ ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಮಾತಾಡುವ ಕೆಲಸ ಶುರು ಮಾಡಿದರು. ಹೋದಲ್ಲೆಲ್ಲ ಅವರು ತಮಗಿಂತ ಮೊದಲು ಬೀದಿಗಿಳಿದ ದಕ್ಷಿಣದ ಕಪ್ಪು ಮಕ್ಕಳನ್ನು, 1963ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಜೈಲಿಗೆ ಹೋದ ಮಕ್ಕಳನ್ನು ನೆನೆಯುತ್ತಾರೆ. ಮಿಸಿಸಿಪ್ಪಿಯ ಫಿಲಡೆಲ್ಫಿಯಾದ ಆ ಮೂವತ್ತು ನಲವತ್ತು ಮಕ್ಕಳ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಲಿಲ್ಲ. ಕೆಳಗೇ ಗೆದ್ದಿದ್ದರಲ್ಲ, ಹೋಗುವ ಅಗತ್ಯ ಬೀಳಲಿಲ್ಲ. ಆದ್ದರಿಂದ ಹೆಸರು ಉಳಿದದ್ದು ಟಿಂಕರ್‌ದು. ಅವರ ಬ್ಯಾಡ್ಜಿನ ಮೇಲಿದ್ದ ಮಾತು, 'ಒಬ್ಬ ಮನುಷ್ಯ, ಒಂದು ಓಟು', 1965ರ ಮತದಾನ ಹಕ್ಕು ಕಾಯ್ದೆ ಬಂದ ಮೇಲೆ ಅವರ ಅಪ್ಪ ಅಮ್ಮಂದಿರಿಗೆ ಒಂದಷ್ಟು ಸಿಕ್ಕಿತು. ಹೈಕೋರ್ಟಿಗೆ ಸಮನಾದ ಆ ಮೇಲ್ಮನವಿ ಕೋರ್ಟಿನ ತೀರ್ಪು ಮಕ್ಕಳ ಕೈಗೆ ಬಂದದ್ದು ಅದಕ್ಕೂ ಸುಮಾರು ಒಂದು ವರ್ಷ ತಡವಾಗಿ.